ಸೋಲಿಲ್ಲದ ಸೈನ್ಯ, ಹೆಸರಿಲ್ಲದ ರಾಜ್ಯ

ನವರಾತ್ರಿಯ ಮೊದಲ ದಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅನೇಕ ಮನೆಗಳ ನಡುಮನೆಯಲ್ಲಿ ಒಂದು ರಾಜ್ಯ ಸ್ಥಾಪನೆಯಾಗುತ್ತದೆ. ಬೆಸ ಸಂಖ್ಯೆಯ ಮೆಟ್ಟಿಲುಗಳಿಗೆ ಬಿಳಿ ಪಂಚೆ ಹಾಸಿ, ಮೇಲಿನ ಮೆಟ್ಟಿಲಿನಲ್ಲಿ ರಾಜ ರಾಣಿಯರಾದ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಕೆಳಗೆ ಆನೆ, ಕುದುರೆ ಸವಾರರು, ಈಟಿ ಹಿಡಿದ ಕಾಲಾಳುಗಳು, ಬ್ಯಾಂಡ್ ಸೆಟ್ಟಿನವರು. ಇನ್ನೂ ಕೆಳಗೆ ಅಕ್ಕಿ ಬೇಳೆ ಇಟ್ಟುಕೊಂಡ ಶೆಟ್ಟಿ ಮತ್ತು ಶೆಟ್ಟಮ್ಮ. ನೆಲದ ಮೇಲೆ ರಾಗಿ ಮೊಳಕೆ ಬರಿಸಿ ಮಾಡಿದ ಉದ್ಯಾನ. ಅರಸು, ಸೈನ್ಯ, ಅಂಗಡಿ, ಹೊಲ ಎಲ್ಲವೂ ಉಂಟು. ಆದರೆ ಈ ರಾಜ್ಯಕ್ಕೆ ಹೆಸರಿಲ್ಲ. ಸೈನ್ಯದ ಎದುರಿಗೆ ಶತ್ರುವೂ ಇಲ್ಲ.

ಇಂಥದೇ ಪುಟ್ಟ ಸೈನ್ಯಗಳನ್ನು ಯುರೋಪು, ಅಮೆರಿಕಗಳಲ್ಲಿ ದೊಡ್ಡವರೂ ಕಟ್ಟುತ್ತಾರೆ. ಅಂಗುಲದೆತ್ತರದ ಸೀಸದ ಅಥವಾ ಪ್ಲಾಸ್ಟಿಕ್ ಸೈನಿಕರಿಗೆ ಸಣ್ಣ ಕುಂಚದಿಂದ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಹಳ್ಳ, ಊರುಗಳನ್ನು ಮಾಡಿ, ಅಳತೆ ಪಟ್ಟಿ ಹಿಡಿದು ಪಡೆಗಳನ್ನು ನಡೆಸುತ್ತಾರೆ. ಯಾರು ಬಿದ್ದರು, ಯಾರು ಉಳಿದರು ಎಂಬುದನ್ನು ದಾಳ ಹೇಳುತ್ತದೆ. ಇವರಲ್ಲಿ ಕೆಲವರು ಇತಿಹಾಸದ ಯುದ್ಧಗಳನ್ನು ಬಿಟ್ಟು, ತಾವೇ ಕಲ್ಪಿಸಿದ ದೇಶಗಳ ಯುದ್ಧಗಳನ್ನು ಆಡುತ್ತಾರೆ. ಇಲ್ಲದ ದೇಶಕ್ಕೆ ಬಾವುಟ, ನಕ್ಷೆ, ರಾಜವಂಶ, ಸಮವಸ್ತ್ರ ಎಲ್ಲವನ್ನೂ ಹೊಂದಿಸುತ್ತಾರೆ. ಅದಕ್ಕೆ ಕಾರಣವೂ ಉಂಟು. ನಡೆದುಹೋದ ಯುದ್ಧದ ಫಲಿತಾಂಶ ಎಲ್ಲರಿಗೂ ಗೊತ್ತು. ಕಲ್ಪನೆಯ ನಾಡಿನದು ಯಾರಿಗೂ ಗೊತ್ತಿಲ್ಲ. ಅಲ್ಲಿ ಸೋತವರು ಯಾರ ತಾತ ಮುತ್ತಾತಂದಿರೂ ಅಲ್ಲ.

ಹನ್ನೆರಡು ಮರದ ಸಿಪಾಯಿಗಳು

ಇಂಗ್ಲೆಂಡಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ 1826ರಲ್ಲಿ ಮಗ ಬ್ರಾನ್‌ವೆಲ್‌ಗೆ 12 ಮರದ ಸಿಪಾಯಿಗಳನ್ನು ತಂದುಕೊಟ್ಟರು. ಅಕ್ಕತಂಗಿಯರು ಸೇರಿ ಅವುಗಳಿಗೆ ಹೆಸರಿಟ್ಟರು, ನಗರ ಕಟ್ಟಿದರು. ಮುಂದೆ ಷಾರ್ಲೆಟ್ ಮತ್ತು ಬ್ರಾನ್‌ವೆಲ್ ‘ಆಂಗ್ರಿಯ’ ಎಂಬ ದೇಶವನ್ನೂ, ಎಮಿಲಿ ಮತ್ತು ಆನ್ ‘ಗೊಂಡಾಲ್’ ಎಂಬ ದೇಶವನ್ನೂ ಕಲ್ಪಿಸಿ, ಅವುಗಳ ಚರಿತ್ರೆ ಬರೆಯುತ್ತಾ ಹೋದರು. 1847ರಲ್ಲಿ ‘ಜೇನ್ ಏರ್’ ಮತ್ತು ‘ವದರಿಂಗ್ ಹೈಟ್ಸ್’ ಕಾದಂಬರಿಗಳನ್ನು ಪ್ರಕಟಿಸಿದ ಲೇಖಕಿಯರು ಈ ಷಾರ್ಲೆಟ್ ಮತ್ತು ಎಮಿಲಿಯೇ.

ಆಟಕ್ಕೆ ನಿಯಮ ಕೊಟ್ಟವರು ಜರ್ಮನರು. ಬ್ರೌನ್‌ಷ್ವೈಗ್‌ನ ಗಣಿತಜ್ಞ ಹೆಲ್‌ವಿಗ್ 1780ರಲ್ಲಿ ಚದುರಂಗದ ಮಣೆಯನ್ನೇ ಹಿಗ್ಗಿಸಿ, ಯುದ್ಧದಾಟ ಮಾಡಿದ. ಮನೆಗಳಿಗೆ ಬಣ್ಣ ಕೊಟ್ಟು ಬೆಟ್ಟ, ನೀರು, ಊರುಗಳನ್ನು ಗುರುತಿಸಿದ. ಪ್ರಷ್ಯಾದ ರೈಸ್‌ವಿಟ್ಜ್ 1812ರಲ್ಲಿ ಮಣೆಯ ಚೌಕಗಳನ್ನು ಬಿಟ್ಟು ಮೇಜಿನ ಮೇಲೆ ನೆಲದ ಮಾದರಿ ಹೂಡಿದ. ಅವನ ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲಿನ ಆಟವಾಗಿಸಿ, ದಾಳ ಮತ್ತು ತೀರ್ಪುಗಾರರನ್ನು ಸೇರಿಸಿದ. ಪ್ರಷ್ಯಾದ ಸೈನ್ಯ ಅದನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. ಆಟ ಹೀಗೆ ಯುದ್ಧದ ಪಾಠವಾಯಿತು.

ಅದನ್ನು ಮತ್ತೆ ಆಟವಾಗಿಸಲು ಹೊರಟವರು ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್. ಅವರ ‘ಲಿಟ್ಲ್ ವಾರ್ಸ್’ ಪುಸ್ತಕ ಬಂದದ್ದು 1913ರಲ್ಲಿ. ನಿಜವಾದ ಯುದ್ಧ ಎಷ್ಟು ದಡ್ಡತನದ ಕೆಲಸ ಎಂಬುದು ಆಟಿಕೆಯ ಯುದ್ಧ ಆಡಿದವರಿಗೆ ಬೇಗ ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದರ ಕಾವು ಕನ್ನಡ ನಾಡಿಗೂ ತಟ್ಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು.

ಮಣೆಯ ಮೇಲಿನ ಚತುರಂಗ ಬಲ

ಹೆಲ್‌ವಿಗ್ ಹಿಗ್ಗಿಸಿದ ಆ ಮಣೆಯ ಮೂಲ ಭಾರತದ್ದು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ ಬಲ. ಅದರಿಂದ ಆಟಕ್ಕೂ ಆ ಹೆಸರು. ಮಹಾಭಾರತದ ಲೆಕ್ಕದಲ್ಲಿ ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ‘ಪತ್ತಿ’. ಇದೇ ಪ್ರಮಾಣದಲ್ಲಿ ಬೆಳೆಯುತ್ತಾ ಹೋದರೆ ಒಂದು ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಎಣಿಕೆಗೇ ದಣಿವಾಗುವ ಈ ಸೇನೆಯನ್ನು ಹದಿನಾರು ಕಾಯಿಗಳಿಗೆ ಇಳಿಸಿದ್ದು ಚದುರಂಗದ ಜಾಣ್ಮೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ಆಟದ ವಿವರಣೆ ಇದೆ. ಅರಸನ ವಿನೋದಗಳ ಸಾಲಿನಲ್ಲಿ ಅದಕ್ಕೂ ಸ್ಥಾನ ಸಿಕ್ಕಿದೆ.

ಅದೇ ಶತಮಾನದಲ್ಲಿ ಹಾಸನದ ಸಮೀಪದ ಹಳೇಬೀಡಿನಲ್ಲಿ ಕಲ್ಲಿನಲ್ಲೇ ಪುಟ್ಟ ಸೈನ್ಯಗಳು ಎದ್ದವು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲಿನ ಪಟ್ಟಿಕೆಗಳಲ್ಲಿ ಕುದುರೆ ಸವಾರರು. ಅಲ್ಲಿಯ ಚಕ್ರವ್ಯೂಹದ ಶಿಲ್ಪದಲ್ಲಿ ಸುತ್ತು ಸುತ್ತಾಗಿ ನಿಂತ ಸೈನಿಕರ ನಡುವೆ ಅಭಿಮನ್ಯು ನುಗ್ಗುತ್ತಾನೆ. ನೋಡುವವರು ದಾರಿಯನ್ನು ಬೆರಳಿನಿಂದ ಹುಡುಕುವಂತೆ ಶಿಲ್ಪಿ ಅದನ್ನು ಒಂದು ಒಗಟಿನ ಹಾಗೆ ಕಡೆದಿದ್ದಾನೆ.

ಊರಾಚೆಯ ವೀರಗಲ್ಲುಗಳದು ಬೇರೆಯೇ ಮಾತು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಈ ನಾಲ್ಕೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಗೇಣುದ್ದದ ಯೋಧರು ಬಿಲ್ಲು, ಕತ್ತಿ ಹಿಡಿದು ಹೋರಾಡುತ್ತಾರೆ. ಕಾರಣ ಹಲವು ಕಡೆ ತುರುಗೊಳ್, ಅಂದರೆ ದನಗಳ ಅಪಹರಣ. ಇಲ್ಲವೇ ಊರಳಿವು, ಅಂದರೆ ಊರಿನ ಮೇಲಿನ ದಾಳಿ. ಇಲ್ಲಿ ಬಿದ್ದವನು ಕಾಯಿಯಲ್ಲ, ಊರಿನ ಮಗ. ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಅವನ ದನಗಳು ಮನೆಗೆ ಬಂದಿರಬಹುದು, ಅವನು ಬಂದಿಲ್ಲ.

ಹೊಳೆನರಸೀಪುರ, ಅರಕಲಗೂಡುಗಳು ಒಂದು ಕಾಲಕ್ಕೆ ಪಾಳೆಯಗಾರರ ಸ್ವಂತ ರಾಜ್ಯಗಳಾಗಿದ್ದವು. ಕೋಟೆ, ಕುದುರೆ, ಪಡೆ ಎಲ್ಲವೂ ಅವರಿಗಿದ್ದವು. ಚನ್ನರಾಯಪಟ್ಟಣವೂ ಸೇರಿ ಇವೆಲ್ಲ 17ನೇ ಶತಮಾನದಲ್ಲಿ ಮೈಸೂರಿನ ಕೈಗೆ ಬಂದವು. ಒಂದು ಕಾಲದ ನಿಜವಾದ ರಾಜ್ಯ ಹೀಗೆ ನಕ್ಷೆಯಿಂದ ಅಳಿಸಿಹೋಗಿ ತಾಲ್ಲೂಕಿನ ಹೆಸರಾಗಿ ಉಳಿಯಿತು.

ಸೈನ್ಯವಿಲ್ಲದ ಅರಸ

ಮುಂದೆ ಮೈಸೂರಿನ ಅರಸರಿಗೂ ಅದೇ ಗತಿ ಎದುರಾಯಿತು. 1799ರಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬ್ರಿಟಿಷರು ಪಟ್ಟದಲ್ಲಿ ಕೂರಿಸಿದರು. ರಾಜ್ಯದ ರಕ್ಷಣೆ ಕಂಪನಿ ಸೈನ್ಯದ್ದು. ಅದರ ವೆಚ್ಚಕ್ಕಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕೆಂಬ ಕರಾರು. ನಗರದ ರೈತರ ದಂಗೆಯ ನಂತರ 1831ರಲ್ಲಿ ಆಡಳಿತವನ್ನೂ ಬ್ರಿಟಿಷರು ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರಿಗೆ ಅದು ಮರಳಿ ಸಿಗಲಿಲ್ಲ. ಆ ದೀರ್ಘ ಕಾಲದಲ್ಲಿ ಅವರ ಗಮನ ಸಾಹಿತ್ಯ, ಕಲೆ ಮತ್ತು ಆಟಗಳ ಕಡೆ ಹರಿಯಿತು. ಚದುರಂಗದ 64 ಮನೆಗಳಲ್ಲಿ ಯಾವುದನ್ನೂ ಎರಡು ಸಲ ತುಳಿಯದಂತೆ ಕುದುರೆಯನ್ನು ನಡೆಸುವ ಬಂಧಗಳನ್ನು ರಚಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಹೂಡಿದರು. ಅವುಗಳ ಎಲೆಗಳ ಸಂಖ್ಯೆ 36ರಿಂದ 360ರವರೆಗೂ ಇದ್ದವು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಈ ಆಟಗಳ ವಿವರಣೆ ಇದೆ.

ಗಂಜೀಫಾ ಎಂಬುದೇ ಕಲ್ಪನೆಯ ರಾಜ್ಯಗಳ ಆಟ. ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ ಆಟದಲ್ಲಿ ಅಶ್ವಪತಿ, ಗಜಪತಿ, ನರಪತಿ ಮೊದಲಾದ 12 ಅರಸರಿದ್ದಾರೆ. ಪ್ರತಿಯೊಬ್ಬ ಅರಸನಿಗೂ ಒಬ್ಬ ಮಂತ್ರಿ, ಹತ್ತು ಎಲೆಗಳ ಪರಿವಾರ. ಅಂಥ ಆಟವನ್ನು ಬೆಳೆಸಿದವರು ಸ್ವಂತ ರಾಜ್ಯದ ಆಡಳಿತ ಕಳೆದುಕೊಂಡ ಅರಸರು ಎಂಬುದು ಇತಿಹಾಸದ ವಿಚಿತ್ರ. ಅದನ್ನು ಬರೀ ಕಾಲಹರಣ ಎಂದು ತಳ್ಳಿಹಾಕುವುದು ಸುಲಭ. ಆದರೆ ತಮ್ಮ ಅಪ್ಪಣೆ ನಡೆಯುವ ಒಂದು ನಾಡು ಅವರಿಗೆ ಉಳಿದಿದ್ದುದು ಆ ಮಣೆ ಮತ್ತು ಎಲೆಗಳ ಮೇಲೆ ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಪೆಟ್ಟಿಗೆಗೆ ಮರಳುವ ಸೇನೆ

ಚದುರಂಗದಲ್ಲಿ ಶತ್ರು ಇದ್ದಾನೆ, ದೇಶವಿಲ್ಲ. ಗೊಂಬೆ ಮೆಟ್ಟಿಲಿನಲ್ಲಿ ದೇಶವಿದೆ, ಶತ್ರುವಿಲ್ಲ. ಪಾಶ್ಚಾತ್ಯರ ಮೇಜಿನ ಯುದ್ಧದಾಟ ಇವೆರಡನ್ನೂ ಕೂಡಿಸಿದೆ. ಮೂರಕ್ಕೂ ಸಮಾನವಾದದ್ದು ಒಂದುಂಟು: ಬಿದ್ದ ಸೈನಿಕ ಪೆಟ್ಟಿಗೆಗೆ ಹೋಗಿ ಮುಂದಿನ ಸಲ ಮತ್ತೆ ಎದ್ದು ನಿಲ್ಲುತ್ತಾನೆ. ವೀರಗಲ್ಲಿನ ಯೋಧನಿಗೆ ಆ ಭಾಗ್ಯವಿಲ್ಲ. ಪುಟ್ಟ ಸೈನ್ಯಗಳ ಬೆಲೆ ತಿಳಿಯಬೇಕಾದದ್ದು ಈ ವ್ಯತ್ಯಾಸದಿಂದ.

ಹೆಸರಿಲ್ಲದ ಈ ರಾಜ್ಯದ ಉತ್ತರಾಧಿಕಾರ ಸಾಗಿಬಂದಿರುವುದು ಹೆಣ್ಣುಮಕ್ಕಳಿಂದ ಎಂಬುದೂ ಗಮನಾರ್ಹ. ಪಟ್ಟದ ಗೊಂಬೆಗಳನ್ನು ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಪದ್ಧತಿ ಹಳೆಯ ಮೈಸೂರು ಸೀಮೆಯದು. ಗೊಂಬೆಗಳಿಗೆ ಹೊಸ ಬಟ್ಟೆ ತೊಡಿಸುವವರು, ಯಾವ ಸೈನಿಕ ಎಲ್ಲಿ ನಿಲ್ಲಬೇಕೆಂದು ಬಲ್ಲವರು ಅವರೇ. ಮನೆಗಳು ಚಿಕ್ಕದಾಗಿ, ಮಕ್ಕಳು ದೂರದ ಊರು ಸೇರಿದಾಗ ಮೊದಲು ಅಟ್ಟ ಸೇರುವುದೂ ಈ ಪೆಟ್ಟಿಗೆಯೇ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಬೊಂಬೆ ಮನೆ’ ಪ್ರದರ್ಶನದಿಂದ ಗೊಂಬೆಗಳಿಗೂ, ‘ಕ್ರೀಡಾ ಕೌಶಲ್ಯ’ದಿಂದ ಹಳೆಯ ಮಣೆಯಾಟಗಳಿಗೂ ಮರುಜೀವ ಕೊಡಲು ಶ್ರಮಿಸಿದೆ. ಆದರೆ ಅಂಗಡಿಯಲ್ಲಿ ಗೊಂಬೆ ಸಿಗುತ್ತದೆ, ಅದರ ಕಥೆ ಸಿಗುವುದಿಲ್ಲ. ಆನೆಯ ಹಿಂದೆ ಯಾರು, ಮುರಿದ ಕಾಲಿನ ಸವಾರ ಯಾರ ಕಾಲದವನು, ಶೆಟ್ಟಿಯ ತಕ್ಕಡಿ ಎಲ್ಲಿ ಹೋಯಿತು ಎಂಬುದನ್ನು ಬಲ್ಲ ಅಜ್ಜಿ ಇರುವಾಗಲೇ ಮೊಮ್ಮಕ್ಕಳು ಕೇಳಿ ಬರೆದಿಟ್ಟುಕೊಂಡರೆ, ಈ ರಾಜ್ಯಕ್ಕೂ ಒಂದು ಚರಿತ್ರೆ ಉಳಿದೀತು.