ಹಂಚಿಕೆಯ ಕಂಪೈಲ್ ಮತ್ತು ಮಲೆನಾಡಿನ ಜಾಲಮಿತಿ: ಹರಿಹರಪುರದ ನೆಲೆಯಿಂದ ಒಂದು ವಿಶ್ಲೇಷಣೆ

ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ತಮ್ಮ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವ ತಂತ್ರಾಂಶಗಳಲ್ಲಿ ಹಾರ್ಫ್‌ಬಜ್ ಮುಖ್ಯವಾದುದು. ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ 2017ರ 5.3ನೇ ಆವೃತ್ತಿಯಿಂದ ಎಲ್ಲ ವೇದಿಕೆಗಳಲ್ಲೂ ಅದೇ ಬಳಕೆಯಲ್ಲಿದೆ. ಲಿಬ್ರೆಆಫೀಸಿನಲ್ಲಿ ಕನ್ನಡದ ದೋಷವೊಂದನ್ನು ತಿದ್ದಹೊರಟವರು ಮೊದಲು ಇಡೀ ತಂತ್ರಾಂಶವನ್ನು ಮೂಲದಿಂದ ಕಂಪೈಲ್ ಮಾಡಿಕೊಳ್ಳಬೇಕು. ಲಕ್ಷಾಂತರ ಸಾಲುಗಳ ಸಿ++ ಬರಹವದು. ಸಾಧಾರಣ ಲ್ಯಾಪ್‌ಟಾಪಿಗೆ ಹಲವು ಗಂಟೆಗಳ ಕೆಲಸ. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಈ ಹೊರೆ ಹೊರಲು ಸರ್ವರ್‌ಗಳ ಸಾಲೇ ಇರುತ್ತದೆ. 2020ರ ಕೋವಿಡ್ ಕಾಲದಲ್ಲಿ ಮನೆಗೆ ಮರಳಿ, ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೆಲಸ ಮಾಡಿದ ಮಲೆನಾಡಿನ ಯುವಕರಿಗೆ ಆ ಅನುಕೂಲವಿರಲಿಲ್ಲ. ಕೊಪ್ಪ–ಶೃಂಗೇರಿಗಳ ನಡುವೆ ತುಂಗೆಯ ದಡದಲ್ಲಿರುವ ಹರಿಹರಪುರದಂಥ ಊರಿಗೆ, ಒಂದು ಕಂಪೈಲನ್ನು ಹಲವು ಯಂತ್ರಗಳಿಗೆ ಹಂಚುವ ತಂತ್ರ ಎಷ್ಟು ಒಗ್ಗೀತು? ಒಂದೇ ಕಟ್ಟಡದೊಳಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ, ಊರಾಚೆಗೆ ಹಂಚಹೊರಟರೆ ಮಾತ್ರ ನಷ್ಟವಾಗುತ್ತದೆ ಎಂಬುದು ಈ ಲೇಖನದ ವಾದ.

ಕೆಲಸದ ಸ್ವರೂಪವನ್ನು ಮೊದಲು ನೋಡಬೇಕು. ಈ ಸೀಮೆಯ ಅಡಿಕೆ ಕೊಯ್ಲಿನಲ್ಲಿ ಕೊನೆ ಇಳಿದ ಮೇಲೆ ಮುಯ್ಯಾಳುಗಳು ಸೇರಿ ಸುಲಿಯುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಮೆಟ್ಟುಗತ್ತಿ. ಒಬ್ಬರ ಅಡಿಕೆಗೂ ಇನ್ನೊಬ್ಬರ ಅಡಿಕೆಗೂ ಸಂಬಂಧವಿಲ್ಲದ್ದರಿಂದ ಹತ್ತು ಜನ ಕುಳಿತರೆ ಕೆಲಸ ಹೆಚ್ಚುಕಡಿಮೆ ಹತ್ತು ಪಟ್ಟು ಬೇಗ ಸಾಗುತ್ತದೆ. ಸುಲಿದದ್ದೆಲ್ಲ ಬೇಯಬೇಕಾದದ್ದು ಮಾತ್ರ ಒಂದೇ ಹಂಡೆಯಲ್ಲಿ. ಕಂಪೈಲ್ ಕೂಡ ಹೀಗೆಯೇ. ಒಂದೊಂದು ಮೂಲ ಕಡತವೂ ಬೇರೆ ಕಡತಗಳಿಗೆ ಕಾಯದೆ ಆಬ್ಜೆಕ್ಟ್ ಕಡತವಾಗುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಬೆಸೆಯುವ ಲಿಂಕಿಂಗ್ ಒಂದೇ ಯಂತ್ರದಲ್ಲಿ ನಡೆಯುತ್ತದೆ.

ಲೆಕ್ಕಾಚಾರವನ್ನು ಹಲವು ಸಂಸ್ಕಾರಕಗಳಿಗೆ ಹಂಚುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ರೂಪುಗೊಂಡಿತ್ತು. ಆದರೆ ಅದು ಬಿಡಿಸಿದ ದ್ರವಚಲನೆಯ ಸಮೀಕರಣಗಳಲ್ಲಿ ಪ್ರತಿ ಹೆಜ್ಜೆಗೂ ಒಂದು ಸಂಸ್ಕಾರಕ ತನ್ನ ಗಡಿಯ ಬೆಲೆಗಳನ್ನು ಪಕ್ಕದ್ದಕ್ಕೆ ತಿಳಿಸಲೇಬೇಕು. ಕಂಪೈಲ್‌ನಲ್ಲಿ ಇಂಥ ನಡುನಡುವಿನ ಮಾತುಕತೆ ಇಲ್ಲ. ಹಾಗಾಗಿಯೇ ವಿಶೇಷ ಯಂತ್ರಾಂಶವಿಲ್ಲದೆ, ಸಾಮಾನ್ಯ ಸ್ವಿಚ್ಚಿಗೆ ಜೋಡಿಸಿದ ಹಳೆಯ ಕಂಪ್ಯೂಟರುಗಳೂ ಇದಕ್ಕೆ ಸಾಕಾಗುತ್ತವೆ. ನನಗೆ ಇದು ಈ ವಿಷಯದ ಅತ್ಯಂತ ಭರವಸೆಯ ಸಂಗತಿಯಾಗಿ ಕಾಣುತ್ತದೆ.

2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಪೂಲ್ ಬರೆದ ಡಿಸ್ಟ್‌ಸಿಸಿ ಈ ಗುಣವನ್ನು ಸರಳವಾಗಿ ದುಡಿಸಿಕೊಂಡಿತು. ಕಂಪೈಲ್ ಶುರುಮಾಡಿದ ಮನೆಯ ಯಂತ್ರ ಹೆಡರ್‌ಗಳನ್ನೆಲ್ಲ ಬಿಡಿಸಿ, ಪೂರ್ವಸಂಸ್ಕರಿಸಿದ ಬರಹವನ್ನು ಕಳಿಸುತ್ತದೆ. ಸಹಾಯಕ ಯಂತ್ರ ಆಬ್ಜೆಕ್ಟ್ ಕಡತವನ್ನು ಮರಳಿಸುತ್ತದೆ. ಹಂಚಿಕೊಂಡ ಡಿಸ್ಕ್ ಬೇಡ, ಗಡಿಯಾರಗಳು ಹೊಂದಬೇಕಾಗಿಲ್ಲ. ಹೊಂದುವ ಕಂಪೈಲರ್ ಇದ್ದರಾಯಿತು. ಒಂದೇ ತೆರನಾದ ಮೂರು ಯಂತ್ರಗಳಲ್ಲಿ 2.5ರಿಂದ 2.8 ಪಟ್ಟು ವೇಗ ಸಿಗುತ್ತದೆ ಎಂದು ಅದರ ದಾಖಲೆ ಹೇಳುತ್ತದೆ. ಹಂಚಲಾಗದ ಪಾಲೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂದು ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ, ಹಂಚಲಾಗದೆ ಉಳಿಯುವ ಪಾಲು ಶೇ. 10ರಿಂದ ಶೇ. 3.6 ಎಂದು ಬರುತ್ತದೆ. ಶೇ. 10 ಉಳಿದರೆ 15 ಯಂತ್ರಗಳ ಒಂದು ಲ್ಯಾಬ್ ಕೊಡುವುದು 6.25 ಪಟ್ಟು ಮಾತ್ರ. ಯಂತ್ರಗಳು ಎಷ್ಟೇ ಹೆಚ್ಚಲಿ, 10 ಪಟ್ಟನ್ನು ದಾಟುವುದಿಲ್ಲ. ಶೇ. 3.6ಕ್ಕೆ ಇಳಿದರೆ ಅದೇ ಲ್ಯಾಬ್ ಸುಮಾರು 10 ಪಟ್ಟು ಕೊಡುತ್ತದೆ. ಹಾಗಾಗಿ ಹದಿನಾರನೆಯ ಯಂತ್ರ ಹುಡುಕುವ ಬದಲು ಮನೆಯ ಯಂತ್ರದ ಪಾಲನ್ನು ಕುಗ್ಗಿಸುವುದೇ ಲಾಭ. 2008ರ ಡಿಸ್ಟ್‌ಸಿಸಿ 3.0ರ ಪಂಪ್ ವಿಧಾನ ಮಾಡಿದ್ದು ಇದನ್ನೇ: ಹೆಡರ್‌ಗಳನ್ನೂ ಕಳಿಸಿ ಪೂರ್ವಸಂಸ್ಕರಣೆಯನ್ನು ಸಹಾಯಕರಿಗೇ ಒಪ್ಪಿಸಿತು.

ಹಾಗಾದರೆ ಬೆಂಗಳೂರಿನ ಯಂತ್ರಗಳನ್ನೇ ಸಹಾಯಕ್ಕೆ ಕರೆಯಬಾರದೇಕೆ? ದೂರ ಇಲ್ಲಿ ಅಡ್ಡಿಯಲ್ಲ. ಮುನ್ನೂರಕ್ಕೂ ಮಿಕ್ಕಿದ ಕಿಲೋಮೀಟರುಗಳನ್ನು ಬೆಳಕು ಫೈಬರಿನಲ್ಲಿ ಹೋಗಿಬರಲು ಮೂರು-ನಾಲ್ಕು ಮಿಲಿಸೆಕೆಂಡು ಸಾಕು. ಅಡ್ಡಿ ಇರುವುದು ಹೊರಹೋಗುವ ದಾರಿಯ ಅಗಲದಲ್ಲಿ. ಸಾವಿರ ಕಡತಗಳಿವೆ, ಒಂದೊಂದೂ ಕುಗ್ಗಿಸಿದ ಮೇಲೆ ಕಾಲು ಮೆಗಾಬೈಟ್, ಅಪ್‌ಲೋಡ್ ವೇಗ 2 ಎಂಬಿಪಿಎಸ್ ಎಂದಿಟ್ಟುಕೊಳ್ಳೋಣ. ಕಳಿಸುವುದಕ್ಕೇ 1000 ಸೆಕೆಂಡು ಬೇಕು. ಆ ತುದಿಯಲ್ಲಿ ನೂರು ಯಂತ್ರ ಕಾದಿದ್ದರೂ ಇದು ಕಡಿಮೆಯಾಗದು. ಕಡತಕ್ಕೆ ಎರಡು ಸೆಕೆಂಡಿನಂತೆ ನಾಲ್ಕು ಕೋರುಗಳ ಒಂದು ಯಂತ್ರ ಮನೆಯಲ್ಲೇ ಅಷ್ಟನ್ನೂ 500 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದೇ ಕಡತಗಳು 100 ಎಂಬಿಪಿಎಸ್‌ನ ಒಳಜಾಲದಲ್ಲಿ 20 ಸೆಕೆಂಡಿನಲ್ಲಿ ಹರಿದುಹೋಗುತ್ತವೆ. ಭಾರತ್‌ನೆಟ್ ಯೋಜನೆಯ ಫೈಬರ್ ಗ್ರಾಮ ಪಂಚಾಯಿತಿಗಳಿಂದ ಮನೆಮನೆಗೆ ಗಟ್ಟಿಯಾಗಿ ತಲುಪಿದರೆ ಈ ಲೆಕ್ಕ ಬದಲಾಗುತ್ತದೆ, ಬದಲಾಗಲೇಬೇಕು.

ಅಲ್ಲಿಯವರೆಗೆ ಹೊರದಾರಿಯಲ್ಲಿ ಹಂಚಿಕೊಳ್ಳಬೇಕಾದದ್ದು ಈಗಾಗಲೇ ಮುಗಿದ ಕೆಲಸವನ್ನು. 2002ರಲ್ಲೇ ಆಂಡ್ರ್ಯೂ ಟ್ರಿಜೆಲ್ ಬರೆದ ಸಿಕ್ಯಾಶ್, ಮೂಲ ಬರಹ ಮತ್ತು ಕಂಪೈಲರ್ ಆಯ್ಕೆಗಳ ಹ್ಯಾಶ್ ಹೊಂದಿದರೆ ಹಳೆಯ ಫಲಿತಾಂಶವನ್ನೇ ಎತ್ತಿಕೊಡುತ್ತದೆ. ಡೌನ್‌ಲೋಡ್ ವೇಗ ಸಾಮಾನ್ಯವಾಗಿ ಅಪ್‌ಲೋಡಿಗಿಂತ ಹೆಚ್ಚಿರುವುದರಿಂದ ಇಂಥ ದೂರದ ಕ್ಯಾಶ್ ಮಲೆನಾಡಿಗೆ ಹೆಚ್ಚು ಅನುಕೂಲ.

ಮಳೆಗಾಲದ ವಿದ್ಯುತ್ ಕಡಿತವನ್ನೂ ಲೆಕ್ಕಕ್ಕೆ ತರಬೇಕು. ಸಹಾಯಕ ಯಂತ್ರ ನಡುವೆ ಆರಿಹೋದರೆ ಡಿಸ್ಟ್‌ಸಿಸಿ ಆ ಕಡತವನ್ನು ಮನೆಯ ಯಂತ್ರದಲ್ಲೇ ಮತ್ತೆ ಕಂಪೈಲ್ ಮಾಡುತ್ತದೆ. ಕಳೆದುಹೋಗುವುದು ಆ ಕಡತಕ್ಕಾಗಿ ಕಾದ ಹೊತ್ತು ಅಷ್ಟೆ. ಸಹಾಯಕರ ಪಟ್ಟಿ ದಿನವೂ ಬದಲಾಗುವ ಕಡೆ, ಲಿನಕ್ಸ್ ಸಂಸ್ಥೆ ಸೂಸೆಯವರು ಡಿಸ್ಟ್‌ಸಿಸಿಯಿಂದಲೇ ಬೆಳೆಸಿದ ಐಸ್‌ಕ್ರೀಮ್ ಇನ್ನೂ ಮೇಲು. ಅದರ ಕೇಂದ್ರ ನಿಯೋಜಕ ಬಿಡುವಾಗಿರುವ, ವೇಗದ ಯಂತ್ರವನ್ನು ತಾನೇ ಆರಿಸುತ್ತದೆ. ಬೇಕಾದ ಕಂಪೈಲರನ್ನೂ ಐಸ್‌ಕ್ರೀಮ್ ಸಹಾಯಕ ಯಂತ್ರಕ್ಕೆ ಕಳಿಸುತ್ತದೆ. ಲಿಬ್ರೆಆಫೀಸಿನ ನಿರ್ಮಾಣ ವ್ಯವಸ್ಥೆಯಲ್ಲಿ ಇದಕ್ಕೆ ಬೆಂಬಲ ಈಗಾಗಲೇ ಇದೆ.

ಶಾಲೆ-ಕಾಲೇಜುಗಳ ಲ್ಯಾಬಿನಲ್ಲಿ ಸಂಜೆಯ ಮೇಲೆ ಸುಮ್ಮನಿರುವ ಯಂತ್ರಗಳನ್ನು ಹೀಗೆ ಬಳಸುವುದಾದರೆ ಒಂದು ಎಚ್ಚರಿಕೆ ಅಗತ್ಯ. ನೇರ ಟಿಸಿಪಿ ಸಂಪರ್ಕದಲ್ಲಿ ಡಿಸ್ಟ್‌ಸಿಸಿ ಬಂದವರು ಯಾರೆಂದು ಕೇಳುವುದಿಲ್ಲ. ಅದರ 3632ನೇ ಪೋರ್ಟ್ ಹೊರಜಾಲಕ್ಕೆ ತೆರೆದಿದ್ದರೆ ಅಪರಿಚಿತರೂ ಆದೇಶ ನಡೆಸಬಹುದು ಎಂಬ ದೋಷ 2004ರ ಕ್ರಮಸಂಖ್ಯೆಯಡಿ ಬಹಿರಂಗವಾಗಿ ದಾಖಲಾಗಿದೆ. ಆ ಪೋರ್ಟನ್ನು ಲ್ಯಾಬಿನ ಒಳವಿಳಾಸಗಳಿಗೆ ಮಾತ್ರ ತೆರೆದಿಟ್ಟು, ಹೊರಗಿನಿಂದ ಬರುವವರಿಗೆ ಎಸ್‌ಎಸ್‌ಎಚ್ ಮೂಲಕವೇ ದಾರಿ ಕೊಡಬೇಕು.