ಚುಟ್ಟಾ, ಚಿರೂಟು ಮತ್ತು ಬಳ್ಳಾರಿಯ ಒಣಗಾಳಿ

ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಒಂದು ಒಳ್ಳೆಯ ಸಿಗಾರನ್ನು ಮೇಜಿನ ಮೇಲೆ ತೆರೆದಿಟ್ಟರೆ ಕೆಲವೇ ದಿನಗಳಲ್ಲಿ ಅದರ ಹೊರಗಿನ ಎಲೆ ಗರಿಗರಿಯಾಗಿ ಬಿರಿಯುತ್ತದೆ. ಹಚ್ಚಿದರೆ ಒಣಹುಲ್ಲಿನಂತೆ ಉರಿದು ಗಂಟಲು ಸುಡುತ್ತದೆ. ಸಿಗಾರು ಸಂಗ್ರಹಿಸುವ ಹವ್ಯಾಸಿಗಳ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ 65ರಿಂದ 70ರಷ್ಟು ತೇವಾಂಶವಿರುವ ಗಾಳಿ ಬೇಕು, 20 ಡಿಗ್ರಿಯ ಆಸುಪಾಸಿನ ತಂಪು ಬೇಕು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ, ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇವೆರಡೂ ದುಬಾರಿ ಸರಕು. ಆದರೂ ಇದೇ ಬಳ್ಳಾರಿ ಒಂದು ಕಾಲದಲ್ಲಿ ಚಿರೂಟು ಸೇದುವವರ ಊರಾಗಿತ್ತು. ದಂಡಿನ ದೊರೆಗಳ ಕೈಯಲ್ಲಿದ್ದಾಗ ಅದಕ್ಕೆ ಚಿರೂಟು ಎಂಬ ಹೆಸರು. ಹೊಲದ ಬದುವಿನ ಮೇಲೆ ಕೂತ ಮುದುಕನ ಬಾಯಲ್ಲಿದ್ದಾಗ ಚುಟ್ಟಾ.

ಎರಡು ಹೆಸರುಗಳೂ ಒಂದೇ ಕೆಲಸವನ್ನು ಹೇಳುತ್ತವೆ. ತಮಿಳಿನ ‘ಸುರುಟ್ಟು’ ಪೋರ್ಚುಗೀಸರ ಬಾಯಲ್ಲಿ ‘ಚರುತೊ’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಚಿರೂಟ್’ ಆಯಿತು. ಕನ್ನಡದ ಸುರುಟು, ಸುರುಳಿ ಅದರ ಒಡಹುಟ್ಟುಗಳು. ತೆಲುಗಿನ ‘ಚುಟ್ಟ’ ನಮ್ಮ ‘ಸುತ್ತು’ವಿನ ದಾಯಾದಿ. ಎಲೆಯನ್ನು ಸುತ್ತಿದ್ದು ಎಂಬುದಕ್ಕಿಂತ ಹೆಚ್ಚಿನ ಅರ್ಥ ಯಾವುದಕ್ಕೂ ಇಲ್ಲ. ಮೂರು ಭಾಷೆಗಳು ಕೂಡುವ ಸೀಮೆಯ ಜನಕ್ಕೆ ಇದನ್ನು ನಿಘಂಟು ನೋಡಿ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ.

ಎಲೆ ಮಾತ್ರ ಹೊರಗಿನದು. ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದ ತಂಬಾಕು ಅಲ್ಲಿಂದ ಮೊದಲು ಹಬ್ಬಿದ್ದು ದಖ್ಖನಿಗೆ. ಉತ್ತರ ಭಾರತದ ಅರಮನೆಗೆ ಅದನ್ನು ಕೊಂಡೊಯ್ದವನು ಅಕ್ಬರನ ರಾಯಭಾರಿ ಅಸದ್ ಬೇಗ್. ಆತ ಅದನ್ನು ಕಂಡದ್ದು ವಿಜಾಪುರದಲ್ಲಿ, 17ನೇ ಶತಮಾನದ ಮೊದಲ ವರ್ಷಗಳಲ್ಲಿ. ಕಂಡು ಸುಮ್ಮನಾಗದೆ ದೊಡ್ಡ ಪ್ರಮಾಣದಲ್ಲಿ ಕೊಂಡು, ಬೆಲೆಬಾಳುವ ಒಂದು ಕೊಳವೆಯನ್ನೂ ಮಾಡಿಸಿ ಆಗ್ರಾದಲ್ಲಿ ಬಾದಶಹನ ಮುಂದಿಟ್ಟ. ಅರಮನೆಯ ವೈದ್ಯರು ಬೇಡವೆಂದರು. ಅಕ್ಬರ್ ಒಂದೆರಡು ದಮ್ಮು ಎಳೆದು ಬಿಟ್ಟ. ಸರದಾರರು ಬಿಡಲಿಲ್ಲ. ಅಸದ್ ಬೇಗ್ ತಂದದ್ದನ್ನು ಹಂಚಿಕೊಂಡರು, ಮತ್ತಷ್ಟು ಬೇಡಿದರು, ವ್ಯಾಪಾರಿಗಳು ತರಿಸತೊಡಗಿದರು. ಎಲೆಗಿಂತ ಮೊದಲು ಅಲಂಕಾರದ ಕೊಳವೆ, ತಟ್ಟೆ, ಪೆಟ್ಟಿಗೆಗಳ ಮೇಲೆ ಹಣ ಸುರಿಯುವ ಹವ್ಯಾಸಿಯನ್ನು ನಮ್ಮ ಚರಿತ್ರೆಯಲ್ಲಿ ಹುಡುಕುವುದಾದರೆ ಈತನಿಂದ ಶುರುಮಾಡಬಹುದು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಆ ಆಜ್ಞೆಗೆ ಯಾರು ಎಷ್ಟು ಬೆಲೆ ಕೊಟ್ಟರೆಂಬುದು ಇಂದಿನವರೆಗೂ ಕಾಣುತ್ತಲೇ ಇದೆ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಊರು ಮದರಾಸು ಸೈನ್ಯದ ಮುಖ್ಯ ಠಾಣ್ಯಗಳಲ್ಲೊಂದಾಯಿತು. ಕೌಲ್ ಬಜಾರಿನಂಥ ಪೇಟೆ ಬೆಳೆದದ್ದು ಈ ದಂಡಿನ ಬೆನ್ನಿಗೇ. ಮದರಾಸು ಪ್ರಾಂತದ ಸಿಪಾಯಿಯಿಂದ ಕರ್ನಲ್‌ವರೆಗೆ ಎಲ್ಲರಿಗೂ ಒಗ್ಗಿದ್ದು ಹವಾನಾದ ಸಿಗಾರಲ್ಲ, ತಿರುಚಿನಾಪಳ್ಳಿ ಮತ್ತು ದಿಂಡಿಗಲ್ಲಿನ ಚಿರೂಟು. ಮದರಾಸಿನ ಸ್ಪೆನ್ಸರ್ ಕಂಪೆನಿ ದಿಂಡಿಗಲ್ಲಿನಲ್ಲಿ ಕಾರ್ಖಾನೆ ನಡೆಸಿತು. ಅದರ ಮಾಲು ಲಂಡನ್ನಿಗೂ ಹೋಯಿತು. ಕಾನನ್ ಡಾಯ್ಲ್‌ನ ಪತ್ತೇದಾರ ಷರ್ಲಾಕ್ ಹೋಮ್ಸ್ 1887ರ ತನ್ನ ಮೊದಲ ಕಾದಂಬರಿಯಲ್ಲೇ ನೆಲದ ಮೇಲಿನ ಬೂದಿ ನೋಡಿ ಇದು ತಿರುಚಿನಾಪಳ್ಳಿಯದೆಂದು ಗುರುತಿಸುತ್ತಾನೆ. 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೂ ತಿರುಚ್ಚಿಯ ಚಿರೂಟಿಗೂ ನಂಟು ಕಲ್ಪಿಸುವ ಮಾತು ಆ ಊರಿನಲ್ಲಿ ಪ್ರಚಲಿತ. ಆತ ಸಿಗಾರಿನ ರುಚಿ ಹತ್ತಿಸಿಕೊಂಡದ್ದು ಮಾತ್ರ 1895ರ ಕ್ಯೂಬಾ ಪ್ರವಾಸದಲ್ಲಿ. ಬೆಂಗಳೂರು ಕ್ಲಬ್ಬಿನಲ್ಲಿ ಉಳಿಸಿಹೋದ 13 ರೂಪಾಯಿ ಬಾಕಿಯಲ್ಲಿ ಹೊಗೆಯ ಪಾಲೆಷ್ಟೋ!

ಹೋಮ್ಸ್ ಇನ್ನೊಂದು ಕಡೆ ‘ಲುಂಕಾ’ ಎಂಬ ಭಾರತದ ಚಿರೂಟನ್ನೂ ಹೆಸರಿಸುತ್ತಾನೆ. ಅದು ಗೋದಾವರಿಯ ನಡುಗಡ್ಡೆಗಳಾದ ಲಂಕೆಗಳಲ್ಲಿ, ನೆರೆ ಇಳಿದ ಮೆಕ್ಕಲು ಮಣ್ಣಿನಲ್ಲಿ ಬೆಳೆದ ಎಲೆಯಿಂದ ಸುತ್ತಿದ್ದು. ಸಿರುಗುಪ್ಪದ ಬಳಿಯೂ ತುಂಗಭದ್ರೆ ಎರಡಾಗಿ ಹರಿದು ದೇಶನೂರಿನ ನಡುಗಡ್ಡೆಯನ್ನು ಬಳಸಿಕೊಂಡಿದೆ. ಆದರೆ ಅಲ್ಲಿ ಅಣೆಕಟ್ಟೆಯ ನೀರು ಕಾಲುವೆಗೆ ಹರಿದದ್ದರಿಂದ ಭತ್ತಕ್ಕೆ ಹೆಸರು ಬಂತು. ಸಿರಿಯ ಕುಪ್ಪೆಯೇ ಸಿರುಗುಪ್ಪವಾಯಿತೆಂದು ಜನ ಅರ್ಥ ಹೇಳುವುದೂ ಆ ಭತ್ತದ ರಾಶಿ ನೋಡಿಯೇ. ಚಿರೂಟಿನ ಮಟ್ಟಿಗೆ ಬಳ್ಳಾರಿ ಸೀಮೆ ಬೆಳೆಗಾರನಿಗಿಂತ ಗಿರಾಕಿ.

ಗಿರಾಕಿಯಾದವನು ಅಂಗಡಿಯಲ್ಲಷ್ಟೇ ಕೊಳ್ಳುತ್ತಿರಲಿಲ್ಲ. ದಂಡಿನಲ್ಲಿ ಅಧಿಕಾರಿಯೊಬ್ಬ ಸತ್ತರೆ ಅವನ ಕುದುರೆ, ಬಂದೂಕು, ಬಟ್ಟೆಬರೆಗಳನ್ನು ಹರಾಜು ಹಾಕಿ ಸಾಲ ತೀರಿಸಿ, ಮಿಕ್ಕದ್ದನ್ನು ವಾರಸುದಾರರಿಗೆ ಕಳಿಸುವುದು ಬ್ರಿಟಿಷ್ ಸೈನ್ಯದ ನಿಯಮ. ವರ್ಗವಾಗಿ ಹೋಗುವವರೂ ಮನೆಯ ಸಾಮಾನನ್ನು ಹಾಗೆಯೇ ವಿಲೇವಾರಿ ಮಾಡುತ್ತಿದ್ದರು. ನಿನ್ನೆ ಜೊತೆಗೆ ಕೂತು ಸೇದಿದವನ ಚಿರೂಟಿನ ಪೆಟ್ಟಿಗೆಗೆ ಇಂದು ಸವಾಲು ಕೂಗುವುದರಲ್ಲಿ ಆ ಕಾಲಕ್ಕೆ ಅಸಹ್ಯವೇನೂ ಕಾಣುತ್ತಿರಲಿಲ್ಲ. ಅಂದಹಾಗೆ, ಉತ್ತರ ಕರ್ನಾಟಕದಲ್ಲಿ ಹರಾಜಿಗೆ ಹೇಳುವ ‘ಲಿಲಾವು’ ಕೂಡ ಪೋರ್ಚುಗೀಸರ ‘ಲೆಯ್ಲಾಂವ್’ನಿಂದಲೇ ಬಂದದ್ದು. ಸರಕು ಮತ್ತು ಅದನ್ನು ಮಾರುವ ಪದ ಎರಡನ್ನೂ ಅವರೇ ತಂದರೆನ್ನಬೇಕು.

ಇಂದಿನ ಸಿಗಾರು ಹರಾಜು ಬೇರೆ ಲೋಕದ್ದು. ಹವಾನಾದಲ್ಲಿ ಪ್ರತಿವರ್ಷ ನಡೆಯುವ ಸಿಗಾರು ಉತ್ಸವದ ಕೊನೆಯ ರಾತ್ರಿ ಕುಸುರಿ ಕೆಲಸದ ಪೆಟ್ಟಿಗೆಗಳನ್ನು ಸಿಗಾರು ತುಂಬಿ ಹರಾಜಿಗಿಡುತ್ತಾರೆ. 2024ರಲ್ಲಿ ಹಾಗೆ ಕೂಡಿದ ಹಣ 1.7 ಕೋಟಿ ಯೂರೋ ದಾಟಿತು. ಆ ಹಣವನ್ನು ಕೊಡುವುದು ಕ್ಯೂಬಾದ ಆರೋಗ್ಯ ಇಲಾಖೆಗೆ! ನಮ್ಮ ತಂಬಾಕು ಹರಾಜಿನಲ್ಲಿ ಇಂಥ ವೈಭವವಿಲ್ಲ. ತಂಬಾಕು ಮಂಡಳಿಯ ಮೇಲ್ವಿಚಾರಣೆಯ ಹರಾಜು ಆರಂಭವಾದದ್ದು 1984ರಲ್ಲಿ, ಕರ್ನಾಟಕದಲ್ಲೇ. ಪಿರಿಯಾಪಟ್ಟಣ, ಹುಣಸೂರುಗಳ ಕಟ್ಟೆಗಳಲ್ಲಿ ಬಿಕರಿಯಾಗುವುದು ಸಿಗರೇಟಿನ ಎಲೆ. ಅಲ್ಲಿ ಬೆಳೆಗಾರನಿಗೆ ಕಿಲೋ ಲೆಕ್ಕ. ಹವ್ಯಾಸಿಗಾದರೋ ಒಂದೊಂದು ಸಿಗಾರಿಗೂ ಬೇರೆ ಲೆಕ್ಕ. ಒಂದು ಎಲೆ ಬೆಳೆದವನ ಕೈಯಿಂದ ಸಂಗ್ರಾಹಕನ ಕೈಗೆ ಬರುವ ಹೊತ್ತಿಗೆ ಬೆಲೆ ಏರುವುದು ಬಹುಪಾಲು ಸುತ್ತುವ ಕೈಚಳಕಕ್ಕೆ, ಹೆಸರಿಗೆ, ಜೋಪಾನಕ್ಕೆ.

ಆ ಜೋಪಾನದ ಶಾಸ್ತ್ರವೇ ಈ ಹವ್ಯಾಸದ ಸ್ವಾರಸ್ಯ. ಹದ ಮಾಡಿದ ತಂಬಾಕಿನ ಎಲೆ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಒಣಗಾಳಿಗೆ ಬಿಟ್ಟುಕೊಡುತ್ತದೆ. ತೇವ ಕಡಿಮೆಯಾದರೆ ಸುಗಂಧದ ಎಣ್ಣೆಯಂಶ ಹಾರಿಹೋಗುತ್ತದೆ. ಹೆಚ್ಚಾದರೆ ಬೂಷ್ಟು. 25 ಡಿಗ್ರಿಯ ಮೇಲೆ ಸೆಕೆ ನಿಂತರೆ ಎಲೆಯೊಳಗೆ ಕಾಣದಂತಿದ್ದ ಮೊಟ್ಟೆಗಳೊಡೆದು ತಂಬಾಕಿನ ಹುಳ ಹೊರಟು, ಸಿಗಾರಿಗೆ ಸೂಜಿ ಚುಚ್ಚಿದಂತೆ ತೂತು ಬೀಳುತ್ತದೆ. ಇದಕ್ಕೆಂದೇ ‘ಹ್ಯುಮಿಡಾರ್’ ಎಂಬ ಪೆಟ್ಟಿಗೆ ಇದೆ. ಅದರ ಒಳಮೈಗೆ ಹೊದಿಸುವ ಮರವನ್ನು ಸ್ಪ್ಯಾನಿಷ್ ಸೀಡರ್ ಎಂದು ಕರೆಯುತ್ತಾರಾದರೂ ಅದು ಸ್ಪೇನಿನದೂ ಅಲ್ಲ, ದೇವದಾರುವೂ ಅಲ್ಲ. ಅಮೆರಿಕ ಖಂಡದ ಆ ಮರ ಸಸ್ಯಶಾಸ್ತ್ರದ ಪ್ರಕಾರ ಬೇವಿನ ಕುಟುಂಬಕ್ಕೆ ಸೇರಿದ್ದು. ತೇವವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ವಾಸನೆಗೆ ಹುಳು ದೂರವಿರುತ್ತದೆ ಎಂಬುದು ಅದರ ಮೇಲಿನ ನಂಬಿಕೆ.

ಕುರುಗೋಡು ಸುತ್ತಿನ ಹಳ್ಳಿಯ ಅಜ್ಜಿಗೆ ಇದನ್ನು ಹೇಳಿದರೆ ಆಶ್ಚರ್ಯವಾಗಲಾರದು. ಜೋಳದ ಕಾಳಿನ ನಡುವೆ ಬೇವಿನ ಸೊಪ್ಪು ಹಾಕಿಡುವುದು ಆ ಸೀಮೆಯ ಹಳೆಯ ರೂಢಿ. ಗಟ್ಟಿನೆಲದಲ್ಲಿ ತೋಡಿದ ಹಗೇವಿನೊಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲದವರೆಗೂ ಜೋಳ ಕೆಡುತ್ತಿರಲಿಲ್ಲ. ಗಾಳಿಯನ್ನು ಹೊರಗಿಡುವುದರಲ್ಲಿ ಹಗೇವೂ ಹ್ಯುಮಿಡಾರೂ ಒಂದೇ. ಒಂದು ತೇವವನ್ನು ಹೊರಗಿಡುತ್ತದೆ, ಇನ್ನೊಂದು ಒಳಗಿಡುತ್ತದೆ. ಚುಟ್ಟಾ ಸೇದುವವನಿಗಾದರೋ ಈ ಯಾವ ಪೆಟ್ಟಿಗೆಯೂ ಬೇಕಾಗಿರಲಿಲ್ಲ. ಕೊಂಡದ್ದು ಸಂತೆಯಿಂದ ಸಂತೆಗೆ ಮುಗಿದುಹೋದರೆ ಕಾಪಿಡುವ ಮಾತೆಲ್ಲಿ?

ಎಲೆ ಕೆಡದಂತೆ ಇಷ್ಟೆಲ್ಲ ಮಾಡಿದ ಜನ ಸೇದುವವನ ಬಾಯಿಯ ಕಡೆ ನೋಡಿದ್ದು ತಡವಾಗಿ. ಹೊಗೆಯನ್ನು ಎದೆಗೆಳೆದುಕೊಳ್ಳುವುದಿಲ್ಲವಾದ್ದರಿಂದ ಸಿಗಾರು ನಿರಪಾಯ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಇಂದಿಗೂ ಇದೆ. ಅದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರೂ ಕಾರಣ. ಆಂಧ್ರದ ಉತ್ತರ ಕರಾವಳಿಯಲ್ಲಿ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟಾ ಸೇದುವ ಪದ್ಧತಿಯಿದೆ, ಹೆಚ್ಚಾಗಿ ಹೆಂಗಸರಲ್ಲಿ. ಅವರಲ್ಲಿ ಅಂಗುಳಿನ ಕ್ಯಾನ್ಸರ್ ಹೆಚ್ಚೆಂಬುದನ್ನು ವೈದ್ಯರು ಹಲವು ದಶಕಗಳಿಂದ ದಾಖಲಿಸಿದ್ದಾರೆ.

2003ರ ತಂಬಾಕು ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲಿ ಸಿಗಾರಿಗೆ ಎರಡನೆಯ ಸ್ಥಾನ, ಚಿರೂಟಿಗೆ ಮೂರನೆಯದು. ದೊರೆ ಕೊಡದಿದ್ದ ಸಮಾನತೆಯನ್ನು ಕಾಯಿದೆ ಕೊಟ್ಟಿದೆ. 2016ರ ಏಪ್ರಿಲ್‌ನಿಂದ ತಂಬಾಕಿನ ಪೊಟ್ಟಣದ ಮೇಲೆ ನೂರಕ್ಕೆ 85ರಷ್ಟು ಜಾಗವನ್ನು ರೋಗದ ಚಿತ್ರವಿರುವ ಎಚ್ಚರಿಕೆಗೆ ಬಿಡಬೇಕೆಂಬ ನಿಯಮವೂ ಬಂತು. ಹಡಗಿನಲ್ಲಿ ಬರುವ ಮರದ ಸಿಗಾರು ಪೆಟ್ಟಿಗೆಗೂ ಆ ಚಿತ್ರ ಅಂಟಿಸಬೇಕು. ಬಿಡಿಯಾಗಿ ಮಾರುವ ಚುಟ್ಟಾಕ್ಕೆ ಅಂಟಿಸಲು ಜಾಗವಿಲ್ಲ.