ಮೋರ್ಯರ ಮನೆಯ ಬಾಗಿಲಲ್ಲಿ

ಅವ್ವ ತೀರಿಕೊಂಡ ಮೇಲೆ ಕುಷ್ಟಗಿಯ ನಮ್ಮ ಮಾಳಿಗೆ ಮನೆಯನ್ನು ಮಾರಲು ಅಣ್ಣ ನಿಶ್ಚಯಿಸಿದ. ನನ್ನ ಸಹಿಗೆಂದು ಕಾಗದಪತ್ರ ಕಳಿಸಿದ. ಅದನ್ನು ಕಪಾಟಿನಲ್ಲಿಟ್ಟು, ಗಂಗಾವತಿಯ ಗೆಳತಿಯೊಡನೆ ಹಿರೇಬೆಣಕಲ್ಲಿಗೆ ಹೊರಟುಬಿಟ್ಟೆ. ಅಲ್ಲಿಯ ಬೆಟ್ಟದ ಮೇಲೆ ಮೋರ್ಯರ ಮನೆಗಳಿವೆಯೆಂದು ಚಿಕ್ಕಂದಿನಿಂದ ಕೇಳಿದ್ದೆ, ನೋಡಿರಲಿಲ್ಲ.

ದಾರಿ ತೋರಿಸಲು ಊರಿನ ಹೆಣ್ಣುಮಗಳೊಬ್ಬಳು ಬಂದಳು. "ಮೋರ್ಯರಂದ್ರ ಗಿಡ್ಡ ಮಂದಿರಿ ಅಕ್ಕಾರ. ನಮಗಿಂತ ಮೊದಲ ಇಲ್ಲಿ ಇದ್ದವರು" ಎಂದಳು.

ಮುಳ್ಳುಕಂಟಿ ಸರಿಸುತ್ತ, ಬಂಡೆ ಏರುತ್ತ ಮೇಲೆ ಹೋದರೆ ಒಂದು ಊರೇ ಎದುರಾಯಿತು. ಸುತ್ತ ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ ಸೂರು, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಕೆಲವಂತೂ ನನಗಿಂತ ಎತ್ತರ.

"ಗಿಡ್ಡ ಮಂದಿಗೆ ಇಷ್ಟೆತ್ತರದ ಮನಿ ಯಾಕವ್ವಾ?"

"ಹಿರ್ಯಾರು ಹೇಳಿದ್ದು ಹೇಳಿದ್ನಿರಿ" ಎಂದು ನಕ್ಕಳು.

ಈ ಮೋರ್ಯರನ್ನು ಕೆಲವರು ಅಶೋಕನ ಮೌರ್ಯರೊಂದಿಗೆ ಸೇರಿಸುವುದುಂಟು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳೂ ಇವೆಯಲ್ಲ! ಆದರೆ ಇವು ರಾಜರು ಕಟ್ಟಿಸಿದವಲ್ಲ. ಕಬ್ಬಿಣ ಯುಗದ ಜನ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳು. ಸುಮಾರು 400 ಇವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಎತ್ತರದ ಬಂಡೆಯೊಂದರ ಮೇಲೆ ಕಲ್ಲಿನ ನಗಾರಿಯೂ ಇದೆ. ಸಾವಿನ ಸುದ್ದಿ ಸಾರಲು ಅದನ್ನು ಬಾರಿಸುತ್ತಿದ್ದರೋ ಏನೋ ಎನಿಸಿತು.

ಕಿಂಡಿಯಲ್ಲಿ ಇಣುಕಿದೆ. ಒಲೆಯ ಗುರುತಿಲ್ಲ, ಗೂಡಿಲ್ಲ, ಗೂಟವಿಲ್ಲ. ಹೆಂಗಸಿನ ಕಣ್ಣು ಮೊದಲು ಹುಡುಕುವುದು ಅವನ್ನೇ ತಾನೆ? ಆ ಜನ ಉಂಡು ಮಲಗಿದ ಮನೆಗಳ ಕುರುಹು ಮಣ್ಣಿನಲ್ಲಿ ಹುಡುಕಬೇಕು. ತಮ್ಮವರಿಗಾಗಿ ಅವರು ಹೊತ್ತ ಕಲ್ಲು ಮಾತ್ರ ಕಣ್ಣೆದುರು ನಿಂತಿದೆ. ಇಷ್ಟು ದೊಡ್ಡ ಚಪ್ಪಡಿ ಒಬ್ಬಿಬ್ಬರಿಂದ ಏಳುವಂಥದ್ದಲ್ಲ. ಊರಿಗೆ ಊರೇ ಕೈಕೊಟ್ಟಿರಬೇಕು. ಅವ್ವನಿಗಾಗಿ ನಾನು, ಅಣ್ಣ ಒಟ್ಟಿಗೆ ಏನು ಎತ್ತಿದ್ದೆವು? ದಿನಕರ್ಮ ಮುಗಿದ ಮೇಲೆ ನಾವು ಕೂತು ಮಾತಾಡಿಯೇ ಇರಲಿಲ್ಲ.

ಮರುದಿನ ಕುಷ್ಟಗಿಗೆ ಹೋಗಿ ಅವನೆದುರೇ ಸಹಿ ಮಾಡಿದೆ. ಮಾಳಿಗೆಯ ಮಣ್ಣು ಇನ್ನೆಷ್ಟು ಮಳೆ ತಡೆದೀತು?

"ನಿನಗೇನು ಬೇಕು?" ಎಂದ ಅಣ್ಣ.

"ಅವ್ವನ ಬೀಸುವ ಕಲ್ಲು" ಎಂದೆ.

ಇಬ್ಬರೂ ಸೇರಿ ಎತ್ತಿ ಗಾಡಿಗೆ ಹಾಕಿದೆವು.